ಆನ್‌ಲೈನ್ ಮಾತಿನ ಚಿಕಿತ್ಸೆ: ಮೊದಲ ಕರೆಯಿಂದ ಕೊನೆಯ ಸೆಷನ್‌ವರೆಗೆ

ಪರದೆಯ ಮುಂದೆ ಕೂತು ಮಾತಾಡಿದರೆ ನಿಜಕ್ಕೂ ಉಪಯೋಗ ಆಗುತ್ತದಾ? ಆನ್‌ಲೈನ್ ಥೆರಪಿ, ಅಂದರೆ ಮನಸ್ಸಿನ ತೊಂದರೆಗೆ ಮಾತಿನ ಮೂಲಕ ದೂರದಿಂದ ಪಡೆಯುವ ಚಿಕಿತ್ಸೆ, ಎಂದೊಡನೆ ಬರುವ ಮೊದಲ ಅನುಮಾನ ಇದು. ಆತಂಕ ಮತ್ತು ಖಿನ್ನತೆಯ ಮಟ್ಟಿಗೆ ಇದಕ್ಕೆ ಉತ್ತರ ಹೆಚ್ಚುಕಡಿಮೆ ಸಿಕ್ಕಾಗಿದೆ. ವಿಡಿಯೊ ಕರೆಯಲ್ಲಿ ನಡೆದ ಚಿಕಿತ್ಸೆಯನ್ನು ಎದುರುಬದುರು ಕೂತು ನಡೆಸಿದ್ದರ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಫಲಿತಾಂಶದ ಅಂತರ ಅಷ್ಟೇನೂ ಕಂಡಿಲ್ಲ. ಕೆಡುವುದು ಬೇರೆ ಕಡೆ. ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆಂದು ಅರ್ಧಕ್ಕೆ ನುಂಗಿದ ಮಾತು. ಗುರಿಯೇ ಇಲ್ಲದೆ ಆ ವಾರದ ಸುದ್ದಿ ಒಪ್ಪಿಸಿ ಮುಗಿಸಿದ 50 ನಿಮಿಷ. "ಇದು ನನಗೆ ಹಿಡಿಸುತ್ತಿಲ್ಲ" ಎಂದು ಹೇಳಲಾರದೆ ಒಂದು ದಿನ ಸುಮ್ಮನೆ ಲಾಗಿನ್ ಆಗದೆ ಉಳಿದುಬಿಡುವುದು. ಚಿಕಿತ್ಸೆ ನಿಲ್ಲುವುದು ಇಂಟರ್ನೆಟ್ ಕೈಕೊಟ್ಟು ಮಾತ್ರವಲ್ಲ, ಹೇಳದೆ ಉಳಿದ ಮಾತಿನಿಂದಲೂ. ಹಾಗಾಗಿ ಕೆಳಗಿನ ಹಂತಗಳಲ್ಲಿ ತಾಂತ್ರಿಕ ವಿಷಯ ಕಡಿಮೆ, ಏನು ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದು ಜಾಸ್ತಿ.

ಆನ್‌ಲೈನ್ ಸಾಲದು ಎನ್ನುವ ಸಂದರ್ಭಗಳು

ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆ, ಅದಕ್ಕೊಂದು ದಾರಿಯೂ ಮನಸ್ಸಿನಲ್ಲಿ ಮೂಡಿದೆ ಎಂದಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ನೀವಿರುವ ಊರಿನ ತುರ್ತು ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಆಗದಿದ್ದರೆ ನಂಬಿಕೆಯ ಒಬ್ಬರನ್ನು ಈಗಲೇ ಪಕ್ಕಕ್ಕೆ ಕರೆಸಿಕೊಳ್ಳಿ. ಯಾರೂ ಇಲ್ಲದಾಗ ಕೇಳಿಸುವ ದನಿಗಳು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಉಕ್ಕುವ ಉತ್ಸಾಹ, ಅನ್ನಾಹಾರ ಪೂರ್ತಿ ಬಿಟ್ಟಿರುವ ಸ್ಥಿತಿ, ಕುಡಿತ ನಿಲ್ಲಿಸಿದ ಕೂಡಲೇ ಶುರುವಾಗುವ ನಡುಕ, ಇವೆಲ್ಲ ಮೊದಲು ವೈದ್ಯರು ಖುದ್ದಾಗಿ ನೋಡಬೇಕಾದವು. ಹಿಂದೆಂದಾದರೂ ನಿದ್ದೆ ಕಡಿಮೆಯಾಗಿ, ಶಕ್ತಿ ಮಾತ್ರ ಮಿತಿಮೀರಿ, ಕೈಬಿಚ್ಚಿ ಖರ್ಚು ಮಾಡಿದ ವಾರಗಳು ಇದ್ದಿದ್ದರೆ ಅದನ್ನು ಮುಚ್ಚಿಡಬೇಡಿ. ಅದು ಬೈಪೋಲಾರ್‌ನ, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆಯ, ಸುಳಿವಾಗಿರಬಹುದು. ಆಗ ಔಷಧದ ಲೆಕ್ಕಾಚಾರವೇ ಬೇರೆ.

ಇನ್ನೊಂದು ಸಂದರ್ಭ ಜನರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಹಿಂಸಿಸುವ ವ್ಯಕ್ತಿಯ ಜೊತೆ ಒಂದೇ ಮನೆಯಲ್ಲಿದ್ದರೆ ಮನೆಯಿಂದ ಮಾಡುವ ಸೆಷನ್ ಸುರಕ್ಷಿತವಲ್ಲ. ಮಾಡಲೇಬೇಕಾದರೆ ಹೊರಗಿನ ಜಾಗ ಹುಡುಕಿ, ಥೆರಪಿಸ್ಟ್ ಜೊತೆ ಮೊದಲೇ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ಆ ಮಾತು ಬಂದರೆ ಅವರು ವಿಷಯ ಬದಲಿಸಬೇಕು ಅಥವಾ ಕರೆ ಮುಗಿಸಬೇಕು.

ದೇಹದ ಕಡೆಗೂ ಒಮ್ಮೆ ನೋಡಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ, ಕೆಲವು ಔಷಧಗಳು, ಮಿತಿಮೀರಿದ ಕೆಫೀನ್ ಎಲ್ಲವೂ ಆತಂಕದ ಅಥವಾ ಖಿನ್ನತೆಯ ವೇಷ ಹಾಕಬಲ್ಲವು. ಹತ್ತು ವಾರ ಮಾತಾಡಿದ ಮೇಲೆ ಅದು ಥೈರಾಯ್ಡ್ ಎಂದು ಗೊತ್ತಾಗುವುದಕ್ಕಿಂತ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸುವುದು ಲೇಸು.

ಹಂತ 1: ಶುರುವಿನ ಅಂಕ ಬರೆದಿಡಿ

ತೊಂದರೆ ಎಷ್ಟಿದೆ ಎಂದು ಅಳೆಯಲು ಎರಡು ಪ್ರಶ್ನಾವಳಿಗಳಿವೆ: ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಮೊದಲನೆಯದು 2001ರಲ್ಲಿ, ಎರಡನೆಯದು 2006ರಲ್ಲಿ ಪ್ರಕಟವಾದವು. ಎರಡೂ ಉಚಿತ, ಎರಡಕ್ಕೂ ಸೇರಿ ಐದು ನಿಮಿಷ ಸಾಕು. ಕಳೆದ ಎರಡು ವಾರಗಳಲ್ಲಿ ಪ್ರತಿ ತೊಂದರೆ ಎಷ್ಟು ದಿನ ಕಾಡಿತು ಎನ್ನುವುದಕ್ಕೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಪಿಎಚ್‌ಕ್ಯೂದಲ್ಲಿ ಒಟ್ಟು 27: 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತುಸು ಗಂಭೀರ, 20ರಿಂದ ತೀವ್ರ. ಜಿಎಡಿಯಲ್ಲಿ ಒಟ್ಟು 21: 5, 10, 15ಕ್ಕೆ ಮೆಟ್ಟಿಲುಗಳು. ಪಿಎಚ್‌ಕ್ಯೂದ ಒಂಬತ್ತನೇ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ, ಮೊದಲ ಕರೆಯಲ್ಲೇ ಅದನ್ನು ಹೇಳಬೇಕು.

ಈ ಅಂಕಗಳು ರೋಗನಿರ್ಣಯವಲ್ಲ, ತಕ್ಕಡಿ ಮಾತ್ರ. ತೂಕ ಇಳಿಸುವವರು ಮೊದಲ ದಿನ ತಕ್ಕಡಿ ಹತ್ತದಿದ್ದರೆ ಮೂರು ತಿಂಗಳ ನಂತರ ಏನಾಯಿತೆಂದು ಹೇಳುವುದು ಹೇಗೆ? ಖಿನ್ನತೆಯಲ್ಲಂತೂ ನೆನಪು ಪಕ್ಷಪಾತಿ. "ಏನೂ ಬದಲಾಗಿಲ್ಲ" ಎಂದು ಮನಸ್ಸು ಹಟ ಹಿಡಿದಾಗ ಕಾಗದದ ಮೇಲಿನ ಅಂಕ ಬೇರೆಯದೇ ಮಾತು ಹೇಳುವುದುಂಟು.

ಹಂತ 2: ಯಾರು, ಯಾವ ವಿಧಾನ

ಮನೋವೈದ್ಯರು ಎಂದರೆ ವೈದ್ಯಕೀಯ ಓದಿದವರು, ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಪರೀಕ್ಷೆ ಮತ್ತು ಥೆರಪಿಯಲ್ಲಿ ತರಬೇತಾದವರು. ಕೌನ್ಸೆಲರ್ ಎಂಬ ಹೆಸರನ್ನು ಮಾತ್ರ ಎಷ್ಟೋ ಕಡೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದ್ದರಿಂದ ಹೆಸರಿನ ಪಕ್ಕದ ಪದವಿ, ನೋಂದಣಿ ಸಂಖ್ಯೆ, ಅದನ್ನು ಕೊಟ್ಟ ಮಂಡಳಿ ಮೂರನ್ನೂ ಕೇಳಿ, ಮಂಡಳಿಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರು ಬೇಡ. ಎಷ್ಟೋ ದೇಶಗಳಲ್ಲಿ ಪರವಾನಗಿಯ ನಿಯಮ ಥೆರಪಿಸ್ಟ್ ಕೂತಿರುವ ಜಾಗಕ್ಕಷ್ಟೇ ಅಲ್ಲ, ಚಿಕಿತ್ಸೆ ಪಡೆಯುವವರು ಇರುವ ಜಾಗಕ್ಕೂ ಅನ್ವಯಿಸುತ್ತದೆ. ನೀವು ಊರು ಬದಲಿಸುವವರಿದ್ದರೆ ಅಥವಾ ಪ್ರಯಾಣದಲ್ಲಿ ಇರುವವರಾದರೆ ಅದನ್ನು ಮೊದಲೇ ಹೇಳಿ.

ವಿಧಾನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹೆಸರುಗಳ ಹಿಂದಿರುವುದು ಏನೆಂದು ಗೊತ್ತಿದ್ದರೆ ಸಾಕು. ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಕಾಗ್ನಿಟಿವ್ ಚಿಕಿತ್ಸೆಯ ಬೇರಿನಿಂದ ಬೆಳೆದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಯೋಚನೆ ಮತ್ತು ನಡೆ ಎರಡನ್ನೂ ಹಿಡಿದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 8ರಿಂದ 20 ಸೆಷನ್ ಹಿಡಿಯುತ್ತದೆ. ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್ಮನ್ ರೂಪಿಸಿದ, ಸಂಬಂಧಗಳ ಮೇಲೆ ಕಣ್ಣಿಡುವ ಐಪಿಟಿ (ಇಂಟರ್‌ಪರ್ಸನಲ್ ಥೆರಪಿ) 12ರಿಂದ 16 ವಾರಗಳದ್ದು. ದುಃಖ, ಸಂಬಂಧದ ಜಗಳ, ಪಾತ್ರದ ಬದಲಾವಣೆ, ಒಂಟಿತನ ಇವುಗಳಲ್ಲಿ ಒಂದೆರಡನ್ನು ಆರಿಸಿಕೊಂಡು ಅದರ ಸುತ್ತಲೇ ನಡೆಯುತ್ತದೆ. ಎಸಿಟಿ (ಆ್ಯಕ್ಸೆಪ್ಟೆನ್ಸ್ ಆ್ಯಂಡ್ ಕಮಿಟ್‌ಮೆಂಟ್ ಥೆರಪಿ) ಯೋಚನೆಯ ಜೊತೆ ಗುದ್ದಾಡುವುದನ್ನು ಬಿಟ್ಟು, ಅದು ಇದ್ದಂತೆಯೇ ಮುಖ್ಯವಾದ ಕೆಲಸಕ್ಕೆ ಹೆಜ್ಜೆ ಇಡುವುದನ್ನು ಕಲಿಸುತ್ತದೆ. ಪ್ಯಾನಿಕ್ (ಒಮ್ಮೆಲೇ ಏರುವ ತೀವ್ರ ಗಾಬರಿ), ಫೋಬಿಯಾ (ಯಾವುದಾದರೂ ಒಂದರ ಅತಿಯಾದ ಭಯ), ಜನರ ಮುಂದಿನ ಅಂಜಿಕೆ ಇದ್ದರೆ ಒಂದೇ ಪ್ರಶ್ನೆ ಕೇಳಿ: "ಎಕ್ಸ್‌ಪೋಶರ್ ಮಾಡಿಸುತ್ತೀರಾ?" ಹೆದರುವ ಸಂಗತಿಯ ಹತ್ತಿರ ಮೆಟ್ಟಿಲುಮೆಟ್ಟಿಲಾಗಿ ಹೋಗದೆ ಬರೀ ಮಾತಿನಿಂದ ಈ ತೊಂದರೆಗಳು ಕರಗುವುದು ಅಪರೂಪ.

ವಿಡಿಯೊ, ಬರೀ ದನಿ, ಚಾಟ್ ಮೂರರಲ್ಲಿ ಯಾವುದು? ಶುರುವಿಗೆ ವಿಡಿಯೊ. ಕ್ಯಾಮೆರಾ ಮುಂದೆ ಮೈ ಬಿಗಿಯುವವರು ದನಿಯಿಂದ ಶುರುಮಾಡಿ ಮೂರ್ನಾಲ್ಕು ವಾರದಲ್ಲಿ ವಿಡಿಯೊಗೆ ಬರಬಹುದು. ಚಾಟ್‌ನಲ್ಲಿ ಬರೆದು ಅಳಿಸಿ ಬರೆಯುವ ಅವಕಾಶವಿದೆ. ಅದೇ ಅದರ ಸೌಕರ್ಯ, ಅದೇ ಅದರ ದೋಷ: ಅಳಿಸಿದ ಸಾಲಲ್ಲೇ ಮುಖ್ಯ ವಿಷಯ ಇದ್ದಿರಬಹುದು. ಇನ್ನು ಚಾಟ್‌ಬಾಟ್‌ಗಳು. ಅಭ್ಯಾಸವನ್ನು ನೆನಪಿಸುವುದಕ್ಕೆ ಅವು ಆದೀತು. ನಿಮ್ಮ ಹೊಣೆ ಹೊರುವ, ತಪ್ಪಿದರೆ ಮಂಡಳಿಗೆ ಉತ್ತರ ಹೇಳಬೇಕಾದ ವ್ಯಕ್ತಿಯ ಜಾಗದಲ್ಲಿ ಅವನ್ನು ಕೂರಿಸಬೇಡಿ.

ಹಂತ 3: ಹದಿನೈದು ನಿಮಿಷದ ಪರಿಚಯ ಕರೆ

ಎಷ್ಟೋ ಮಂದಿ ಥೆರಪಿಸ್ಟ್‌ಗಳು ಮೊದಲು 10-15 ನಿಮಿಷ ಪರಿಚಯಕ್ಕೆ ಮಾತಾಡುತ್ತಾರೆ. ಒಬ್ಬರಿಗೇ ಗಂಟುಬೀಳದೆ ಇಬ್ಬರು ಮೂವರ ಜೊತೆ ಮಾತಾಡಿ. ಮೊದಲ ಸಂದೇಶ ಉದ್ದ ಬೇಡ:

"ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಕೆಲಸ ಬದಲಿಸಿದ ಮೇಲೆ ನಿದ್ದೆ ಕೆಟ್ಟಿದೆ, ದಿನವೂ ಎದೆ ಬಿಗಿ ಹಿಡಿಯುತ್ತದೆ. ಜಿಎಡಿ-7ರಲ್ಲಿ 13, ಪಿಎಚ್‌ಕ್ಯೂ-9ರಲ್ಲಿ 11 ಬಂದಿದೆ. ಔಷಧ ತೆಗೆದುಕೊಳ್ಳುತ್ತಿಲ್ಲ. ವಾರಕ್ಕೊಮ್ಮೆ ಸಂಜೆ ವಿಡಿಯೊ ಸೆಷನ್ ಸಾಧ್ಯವೇ ತಿಳಿಸಿ."

ಇಷ್ಟರಲ್ಲಿ ಏನು, ಯಾವಾಗಿನಿಂದ, ಎಷ್ಟು ಎಂಬ ಮೂರೂ ಬಂದವು. ಪರಿಚಯದ ಕರೆಯಲ್ಲಿ ಕೇಳಬೇಕಾದದ್ದು: ನನ್ನಂಥ ತೊಂದರೆಗೆ ನೀವು ವಾರವಾರ ಏನು ಮಾಡಿಸುತ್ತೀರಿ? ಸುಧಾರಣೆ ಆಗುತ್ತಿದೆಯೇ ಎಂದು ಹೇಗೆ ಅಳೆಯುತ್ತೀರಿ? ಸೆಷನ್ ರದ್ದು ಮಾಡಲು ಎಷ್ಟು ಗಂಟೆ ಮೊದಲು ಹೇಳಬೇಕು? ಎರಡು ಸೆಷನ್‌ಗಳ ನಡುವೆ ಸಂದೇಶ ಕಳಿಸಬಹುದೇ, ಕಳಿಸಿದರೆ ಎಷ್ಟು ಹೊತ್ತಿಗೆ ಉತ್ತರ? ಕರೆ ರೆಕಾರ್ಡ್ ಆಗುತ್ತದೆಯೇ, ಟಿಪ್ಪಣಿಗಳು ಎಲ್ಲಿರುತ್ತವೆ, ಯಾರು ನೋಡಬಲ್ಲರು?

ಎರಡನೇ ಪ್ರಶ್ನೆಗೆ "ನಿಮಗೇ ಗೊತ್ತಾಗುತ್ತದೆ" ಎಂಬ ಉತ್ತರ ಬಂದರೆ ಸ್ವಲ್ಪ ಯೋಚಿಸಿ. ಮೊದಲ ಕರೆಯಲ್ಲೇ "ಖಂಡಿತ ಗುಣ ಮಾಡುತ್ತೇನೆ" ಎನ್ನುವವರನ್ನೂ, ನಿಮ್ಮ ಮಾತು ಮುಗಿಯುವ ಮೊದಲೇ ಇಪ್ಪತ್ತು ಸೆಷನ್‌ಗಳ ಹಣ ಮುಂಗಡ ಕೇಳುವವರನ್ನೂ ಬಿಟ್ಟು ಮುಂದೆ ಹೋಗಿ.

ಹಂತ 4: ಬಾಗಿಲು, ಫೋನು, ಗುಟ್ಟು

ಮೊದಲು ಬಾಗಿಲು. ಮಾತು ಹೊರಗೆ ಕೇಳುತ್ತದೆ ಎಂಬ ಸಂಶಯ ಒಂದೆಳೆ ಇದ್ದರೂ ನೀವು ಹೇಳಬೇಕಾದದ್ದನ್ನು ಹೇಳುವುದಿಲ್ಲ, ಹೇಳಿಲ್ಲವೆಂದು ನಿಮಗೇ ತಿಳಿಯುವುದೂ ಇಲ್ಲ. ಒಂದು ಪರೀಕ್ಷೆ ಮಾಡಿ: ಕೋಣೆಯೊಳಗೆ ಸಾಮಾನ್ಯ ದನಿಯಲ್ಲಿ ಒಂದು ಆಡಿಯೊ ಹಾಕಿ, ಬಾಗಿಲು ಮುಚ್ಚಿ, ಹೊರಗೆ ನಿಂತು ಕೇಳಿ. ಪದಗಳು ಬಿಡಿಬಿಡಿಯಾಗಿ ಕೇಳಿಸಿದರೆ ಬಾಗಿಲ ಹೊರಗೆ ಫ್ಯಾನ್ ಅಥವಾ ಮೊಬೈಲ್‌ನಲ್ಲಿ ಮಳೆಯ ಸದ್ದು ಇಡಿ. ಸದ್ದು ಹೊರಗಿರಬೇಕು, ಒಳಗಲ್ಲ. ಒಳಗಿಟ್ಟರೆ ಅದನ್ನು ಕೇಳಬೇಕಾಗುವುದು ನಿಮ್ಮ ಮೈಕ್. ಮನೆಯಲ್ಲಿ ಜಾಗವೇ ಇಲ್ಲದಿದ್ದರೆ ನಿಲ್ಲಿಸಿದ ಕಾರು ಒಳ್ಳೆಯ ಕೋಣೆ. ಓಡಿಸುತ್ತ ಮಾತ್ರ ಬೇಡ.

ಹೆಡ್‌ಫೋನ್ ಕಡ್ಡಾಯ. ಎದುರಿನವರ ದನಿಯಾದರೂ ಹೊರಗೆ ಹೋಗದು, ಪ್ರತಿಧ್ವನಿಯೂ ನಿಲ್ಲುತ್ತದೆ. ವೈರ್ ಇರುವುದೇ ಲೇಸು. ಬ್ಲೂಟೂತ್ ಹೆಡ್‌ಸೆಟ್ ಸೆಷನ್ ನಡುವೆ ಚಾರ್ಜ್ ಮುಗಿಸುತ್ತದೆ, ಕೆಲವೊಮ್ಮೆ ಪಕ್ಕದ ಇನ್ನೊಂದು ಸಾಧನಕ್ಕೆ ತಾನಾಗಿ ಜೋಡಿಕೊಂಡು ಬಿಡುತ್ತದೆ. ಇಬ್ಬರ ನಡುವಿನ ವಿಡಿಯೊಗೆ ಅಪ್‌ಲೋಡ್, ಡೌನ್‌ಲೋಡ್ ಎರಡೂ 2 ಎಂಬಿಪಿಎಸ್ ಆಸುಪಾಸು ಇದ್ದರೆ ನಡೆಯುತ್ತದೆ. ಚಿತ್ರ ಒಡೆಯುತ್ತಿದ್ದರೆ ಮೊದಲು ರೂಟರ್ ಹತ್ತಿರ ಬನ್ನಿ, ಉಳಿದ ಆಪ್‌ಗಳನ್ನು ಮುಚ್ಚಿ. ಆದರೂ ಒಡೆದರೆ ವಿಡಿಯೊ ಆರಿಸಿ ದನಿ ಉಳಿಸಿಕೊಳ್ಳಿ. ಕರೆ ಕಡಿದರೆ ಯಾರು ಯಾರಿಗೆ ಮತ್ತೆ ಮಾಡಬೇಕು, ಎಷ್ಟು ನಿಮಿಷ ಕಾದು ಸಾಧಾರಣ ಫೋನಿಗೆ ಇಳಿಯಬೇಕು ಎಂದು ಮೊದಲ ದಿನವೇ ಮಾತಾಗಿರಲಿ. ಅಳು ಬಂದ ಹೊತ್ತಿಗೆ ಪರದೆ ಕಪ್ಪಾದರೆ "ಅವರೇ ಇಟ್ಟುಬಿಟ್ಟರು" ಎಂದು ಮನಸ್ಸು ಹೇಳುತ್ತದೆ. ಮುಂಚೆ ಆಡಿದ ಒಂದು ಮಾತು ಅದನ್ನು ತಡೆಯುತ್ತದೆ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಲಿ, ಬೆಳಕು ಮುಖದ ಎದುರಿನಿಂದ ಬರಲಿ, ಎದೆ ಮತ್ತು ಕೈ ಕಾಣುವಷ್ಟು ದೂರ ಕೂರಿ. ನಿಮ್ಮದೇ ಮುಖ ಕಾಣುವ ಚೌಕವನ್ನು ಮರೆಮಾಡಿ. 50 ನಿಮಿಷ ತನ್ನ ಮುಖ ತಾನೇ ನೋಡಿಕೊಂಡು ನಿರಾಳವಾಗಿ ಅತ್ತವರು ಕಡಿಮೆ.

ಸಾಧನವನ್ನು ಬೇರೆಯವರೂ ಬಳಸುತ್ತಾರಾದರೆ ಗುಟ್ಟು ಸೋರುವ ಜಾಗಗಳನ್ನು ಒಂದೊಂದಾಗಿ ಮುಚ್ಚಿ: ಲಾಕ್ ಪರದೆಯ ಮೇಲೆ ಬರುವ ನೋಟಿಫಿಕೇಶನ್, ಹಂಚಿಕೊಂಡ ಕ್ಯಾಲೆಂಡರ್, ಎಲ್ಲರಿಗೂ ಪಾಸ್‌ವರ್ಡ್ ಗೊತ್ತಿರುವ ಇಮೇಲ್, ಬ್ರೌಸರ್ ಹಿಸ್ಟರಿ, ಜಂಟಿ ಖಾತೆಯ ಪಾವತಿ ವಿವರ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಆಫೀಸಿನ ಲ್ಯಾಪ್‌ಟಾಪ್ ಬಳಸಲೇಬೇಡಿ.

ಹಂತ 5: ಮೊದಲ ಎರಡು ಸೆಷನ್

ಶುರುವಿನಲ್ಲಿ ಥೆರಪಿಸ್ಟ್ ನೀವು ಈಗ ಎಲ್ಲಿದ್ದೀರಿ, ತುರ್ತಿನಲ್ಲಿ ಯಾರಿಗೆ ಕರೆ ಮಾಡಬೇಕು ಎಂದು ಕೇಳಬೇಕು. ದೂರದಲ್ಲಿರುವ ವ್ಯಕ್ತಿಗೆ ಸಹಾಯ ಕಳಿಸಬೇಕಾದರೆ ವಿಳಾಸ ಬೇಕಲ್ಲ. ಕೇಳದಿದ್ದರೆ ನೀವೇ ಕೊಡಿ, ಜಾಗ ಬದಲಾದ ದಿನ ಮತ್ತೆ ಹೇಳಿ. ಗೌಪ್ಯತೆಯ ಮಿತಿಯನ್ನೂ ಅವರ ಬಾಯಿಂದಲೇ ಕೇಳಿಸಿಕೊಳ್ಳಿ: ಪ್ರಾಣಾಪಾಯ, ಮಕ್ಕಳ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ ಇಂಥ ಕಡೆ ಮಾತು ಹೊರಗೆ ಹೋಗಬಹುದು. ಉಳಿದದ್ದು ಹೋಗಬಾರದು.

ಆಮೇಲೆ ಗುರಿ. "ಸಂತೋಷವಾಗಿರಬೇಕು" ಎನ್ನುವುದು ಗುರಿಯಲ್ಲ, ಹಾರೈಕೆ. ಗುರಿಗೆ ಹೊರಗಿನವರೂ ನೋಡಬಹುದಾದ ಗುರುತು ಇರಬೇಕು: "ವಾರದಲ್ಲಿ ಐದು ದಿನ ಎಂಟು ಗಂಟೆಯೊಳಗೆ ಎದ್ದು ಸ್ನಾನ ಮಾಡಿರಬೇಕು", "ಮೀಟಿಂಗ್‌ನಲ್ಲಿ ಒಂದಾದರೂ ಪ್ರಶ್ನೆ ಕೇಳಬೇಕು", "ಬೇರೆಯಾದ ಸಂಗಾತಿಯ ಸಂದೇಶ ಬಂದ ಕೂಡಲೇ ಉತ್ತರಿಸದೆ ಒಂದು ದಿನ ಬಿಡಬೇಕು". ಎರಡು ಮೂರು ಸಾಕು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಥೆರಪಿಯ ಒಡನಾಟವನ್ನು ಗುರಿಯಲ್ಲಿ ಒಮ್ಮತ, ಮಾಡುವ ಕೆಲಸದಲ್ಲಿ ಒಮ್ಮತ, ನಡುವಿನ ನಂಟು ಎಂದು ಮೂರಾಗಿ ಬಿಡಿಸಿದರು. ನಾವು ಸಾಮಾನ್ಯವಾಗಿ ಮೂರನೆಯದನ್ನಷ್ಟೇ ನೋಡುತ್ತೇವೆ, "ಒಳ್ಳೆಯವರು, ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ" ಎಂದು. ಮೊದಲೆರಡು ಇಲ್ಲದಿದ್ದರೆ ಆ ಒಳ್ಳೆಯತನ ಹಿತ ಕೊಟ್ಟೀತು, ಚಿಕಿತ್ಸೆಯಾಗದು.

ಹಂತ 6: ವಾರದ ಉಳಿದ 167 ಗಂಟೆ

ವಾರದಲ್ಲಿ 168 ಗಂಟೆ. ಥೆರಪಿಸ್ಟ್ ಜೊತೆ ಕಳೆಯುವುದು ಅದರಲ್ಲಿ ಒಂದೂ ಅಲ್ಲ. ಸೆಷನ್‌ನಲ್ಲಿ ಕಲಿತದ್ದು ಬದುಕಿಗೆ ಇಳಿಯುವುದು ಹೋಂವರ್ಕ್ ಮೂಲಕ. ಶಾಲೆಯ ನೆನಪು ತರುವ ಪದ, ಕ್ಷಮಿಸಿ. ಬೇಡವಾದರೆ ಅಭ್ಯಾಸ ಎನ್ನಿ.

ಖಿನ್ನತೆಗೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯುವುದು ಇಲ್ಲಿನ ಬಲೆ. ಮಾಡಿದ ಮೇಲೆ ಮನಸ್ಸು ಬರುತ್ತದೆ, ಅದೂ ತಡವಾಗಿ. ಬಿಹೇವಿಯರಲ್ ಆ್ಯಕ್ಟಿವೇಶನ್ ಎನ್ನುವ ವಿಧಾನ ನಿಂತಿರುವುದು ಈ ತಿರುವಿನ ಮೇಲೆ. ಮನಶ್ಶಾಸ್ತ್ರಜ್ಞ ನೀಲ್ ಜೇಕಬ್ಸನ್ ತಂಡದ 1996ರ ಅಧ್ಯಯನದಲ್ಲಿ ಸಿಬಿಟಿಯ ಈ ಒಂದು ಭಾಗವೇ ಇಡೀ ಸಿಬಿಟಿಯಷ್ಟು ಕೆಲಸ ಮಾಡಿತ್ತು. ಮಾಡುವ ಬಗೆ ಹೀಗೆ. ಮೊದಲ ವಾರ ಏನನ್ನೂ ಬದಲಿಸಬೇಡಿ. ಗಂಟೆಗೊಮ್ಮೆ ಏನು ಮಾಡುತ್ತಿದ್ದೆ, ಮನಸ್ಸು 10ಕ್ಕೆ ಎಷ್ಟಿತ್ತು ಎಂದು ಒಂದೇ ಸಾಲು ಬರೆಯಿರಿ. ಎರಡನೇ ವಾರ ಆ ಪಟ್ಟಿಯಲ್ಲಿ ಮನಸ್ಸು ಒಂದಂಕವಾದರೂ ಮೇಲಿದ್ದ ಕೆಲಸಗಳನ್ನು ಗುರುತಿಸಿ, ದಿನಕ್ಕೆ ಎರಡನ್ನು ಗಂಟೆ ಹಾಕಿ ಬರೆದಿಡಿ: ಒಂದು ಹಿತ ಕೊಡುವುದು, ಇನ್ನೊಂದು ಮುಗಿಸಿದೆನೆಂಬ ಭಾವ ಕೊಡುವುದು. ಅಳತೆ ನಾಚಿಕೆಯಾಗುವಷ್ಟು ಚಿಕ್ಕದಿರಲಿ. "ಮನೆ ಸ್ವಚ್ಛ ಮಾಡುವುದು" ಅಲ್ಲ, "ಮೇಜಿನ ಎಡಭಾಗ, ಹತ್ತು ನಿಮಿಷ". ಇದು ಸೋಲುವುದು ಸೋಮಾರಿತನದಿಂದಲ್ಲ. ಚೆನ್ನಾಗಿದ್ದ ದಿನದ ಅಳತೆಯನ್ನು ಕೆಟ್ಟ ದಿನಕ್ಕೆ ಹೊಲಿದಿರುವುದರಿಂದ.

ಆತಂಕಕ್ಕೆ. ದಿನವಿಡೀ ಚಿಂತೆ ಹರಿಯುತ್ತಿದ್ದರೆ ಅದಕ್ಕೊಂದು ಹೊತ್ತು ಕೊಡಿ: ದಿನವೂ ಅದೇ ಸಮಯ (ಸಂಜೆ ಆರು ಎಂದಿಟ್ಟುಕೊಳ್ಳಿ), ಅದೇ ಕುರ್ಚಿ, 20 ನಿಮಿಷ, ಮಲಗುವ ಹೊತ್ತಿಗೆ ಕನಿಷ್ಠ ಎರಡು ಗಂಟೆ ಮೊದಲು. ಉಳಿದ ಹೊತ್ತಲ್ಲಿ ಬಂದ ಚಿಂತೆಯನ್ನು ಒಂದು ಪದದಲ್ಲಿ ಬರೆದು "ಆರು ಗಂಟೆಗೆ" ಎಂದು ಮುಂದೂಡಿ. ಆರಕ್ಕೆ ಪಟ್ಟಿ ತೆಗೆದಾಗ ಅರ್ಧ ಸಪ್ಪೆಯಾಗಿರುತ್ತವೆ. ಸಪ್ಪೆಯಾಗದೆ ಉಳಿದವನ್ನು ಎರಡು ಪಾಲು ಮಾಡಿ. ನನ್ನ ಕೈಲಿ ಏನಾದರೂ ಆಗುತ್ತದೆ ಎನ್ನುವುದಕ್ಕೆ ಮುಂದಿನ ಒಂದು ಹೆಜ್ಜೆ ಬರೆಯಿರಿ. ಏನೂ ಆಗದು ಎನ್ನುವುದನ್ನು ಸೆಷನ್‌ಗೆ ತನ್ನಿ.

ಎಕ್ಸ್‌ಪೋಶರ್‌ಗೆ ಒಂದು ಏಣಿ ಬರೆಯಿರಿ. ಎಂಟು ಹತ್ತು ಮೆಟ್ಟಿಲು, ಪ್ರತಿಯೊಂದಕ್ಕೂ ಭಯದ ಅಂಕ 0ಯಿಂದ 100. ಶುರು 30-40ರ ಸುತ್ತ. ಒಂದೊಂದು ಮೆಟ್ಟಿಲನ್ನೂ ವಾರದಲ್ಲಿ ನಾಲ್ಕೈದು ಸಲ ಹತ್ತಿ. ಹೋಗುವ ಮೊದಲು "ಏನಾಗುತ್ತದೆಂದು ಹೆದರಿದ್ದೇನೆ" ಎಂದು ಒಂದು ಸಾಲು, ಬಂದ ಮೇಲೆ "ಆದದ್ದೇನು" ಎಂದು ಒಂದು ಸಾಲು. ಇಲ್ಲಿ ಕೆಡಿಸುವುದು ಕಣ್ಣಿಗೆ ಬೀಳದ ಊರುಗೋಲುಗಳು: ಬಾಗಿಲ ಪಕ್ಕದ ಸೀಟು, ಕೈಯಲ್ಲಿ ಬಿಗಿಹಿಡಿದ ನೀರಿನ ಬಾಟಲಿ, ಜೊತೆಗೊಬ್ಬರು, ಮಾತಿಲ್ಲದಿರಲೆಂದು ಫೋನಿಗೆ ಹಾಕಿದ ಕಣ್ಣು. ಅವುಗಳ ಜೊತೆ ಮೆಟ್ಟಿಲು ಹತ್ತಿದರೆ "ಬಾಟಲಿ ಇತ್ತು, ಅದಕ್ಕೇ ಬದುಕಿದೆ" ಎಂದಷ್ಟೇ ಮನಸ್ಸು ಕಲಿಯುತ್ತದೆ. ಪರದೆಯ ಥೆರಪಿ ಕೋಣೆಯ ಥೆರಪಿಯನ್ನು ಮೀರಿಸುವುದೂ ಇಲ್ಲೇ. ಹೆದರಿಕೆ ಲಿಫ್ಟ್‌ನದಾದರೆ ಫೋನ್ ಹಿಡಿದು ಲಿಫ್ಟ್‌ನೊಳಗೇ ಥೆರಪಿಸ್ಟ್‌ರನ್ನು ಕರೆದೊಯ್ಯಬಹುದು. ತೆರೆಯಲಾರದ ಲಕೋಟೆಗಳ ರಾಶಿಯನ್ನು ಕ್ಯಾಮೆರಾದ ಮುಂದೆಯೇ ಬಿಡಿಸಬಹುದು.

ಪ್ಯಾನಿಕ್ ಇದ್ದವರಿಗೆ ಥೆರಪಿಸ್ಟ್‌ಗಳು ಬೇಕೆಂದೇ ದೇಹದ ಆ ಲಕ್ಷಣಗಳನ್ನು ತರಿಸುತ್ತಾರೆ: ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು, ಸಣ್ಣ ನಳಿಗೆಯಲ್ಲಿ ಉಸಿರಾಡುವುದು, ನಿಂತಲ್ಲೇ ಓಡುವುದು. ತಲೆ ತಿರುಗಿದರೂ ಬೀಳುವುದಿಲ್ಲ, ಎದೆ ಹೊಡೆದರೂ ಒಡೆಯುವುದಿಲ್ಲ ಎಂಬುದು ಮೈಗೇ ಗೊತ್ತಾಗಲೆಂದು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ, ಗರ್ಭ ಇದ್ದರೆ ವೈದ್ಯರನ್ನು ಕೇಳದೆ ಮಾಡಬಾರದು.

ಬದಲಾವಣೆಗೆ. ಮನೆ, ಊರು, ಕೆಲಸ, ದಾಂಪತ್ಯ ಬದಲಾದದ್ದು, ಮಗು ಹುಟ್ಟಿದ್ದು, ನಿವೃತ್ತಿ. ಇವುಗಳಲ್ಲಿ ಒಳ್ಳೆಯ ಬದಲಾವಣೆಯೂ ಕುಗ್ಗಿಸಬಹುದು ಎಂದು ಒಪ್ಪಿಕೊಳ್ಳುವುದೇ ಮೊದಲ ಕೆಲಸ. ಬಡ್ತಿ ಸಿಕ್ಕವರು ಅತ್ತರೆ ಸುತ್ತಲಿನವರು ನಗುತ್ತಾರೆ, ಹಾಗಾಗಿ ಅವರು ಅಳುವುದಿಲ್ಲ. ಐಪಿಟಿ ಇಲ್ಲಿ ಬಳಸುವ ಕ್ರಮ ಸರಳ: ಹಳೆಯ ಪಾತ್ರದಲ್ಲಿ ಇದ್ದ ಒಳ್ಳೆಯದು ಮತ್ತು ಕೆಟ್ಟದ್ದು, ಹೊಸದರಲ್ಲಿ ಇರುವ ಒಳ್ಳೆಯದು ಮತ್ತು ಕೆಟ್ಟದ್ದು, ನಾಲ್ಕು ಚೌಕ ಹಾಕಿ ತುಂಬಿಸಿ. ಹೆಚ್ಚಿನವರಲ್ಲಿ ಎರಡನೇ ಮತ್ತು ಮೂರನೇ ಚೌಕ ಖಾಲಿ ಉಳಿಯುತ್ತದೆ. ಹಳೆಯದೆಲ್ಲ ಬಂಗಾರ, ಹೊಸದೆಲ್ಲ ಮಣ್ಣು. ಆ ಖಾಲಿ ಚೌಕಗಳನ್ನು ತುಂಬಿಸುವುದು ಮುಂದಿನ ಮೂರ್ನಾಲ್ಕು ಸೆಷನ್‌ಗಳ ಕೆಲಸ. ಜೊತೆಗೆ ಬದಲಾವಣೆಯಲ್ಲಿ ಕಳೆದುಹೋದ ಜನ ಯಾರು, ಅವರ ಜಾಗಕ್ಕೆ ಯಾರಿಗೆ ಈ ವಾರ ಒಂದು ಫೋನ್ ಮಾಡಬಹುದು ಎಂಬುದನ್ನೂ ಬರೆಯಿರಿ. ಮನೋರೋಗಗಳ ನಿರ್ಣಯಕ್ಕೆ ಬಳಸುವ ಕೈಪಿಡಿ ಡಿಎಸ್‌ಎಮ್-5ರ ಪ್ರಕಾರ ಹೊಂದಾಣಿಕೆಯ ತೊಂದರೆ, ಅಂದರೆ ಇಂಥ ಬದಲಾವಣೆಗೆ ಹೊಂದಿಕೊಳ್ಳಲಾಗದ ಕುಗ್ಗು, ಆ ಘಟನೆಯಾದ ಮೂರು ತಿಂಗಳೊಳಗೆ ಶುರುವಾಗಿ, ಘಟನೆ ಮತ್ತದರ ಪರಿಣಾಮ ಮುಗಿದ ಆರು ತಿಂಗಳೊಳಗೆ ಇಳಿಯಬೇಕು. ಇಳಿಯದಿದ್ದರೆ ಅದು ಬೇರೆ ರೂಪ ತಾಳಿದೆಯೇ ಎಂದು ಮತ್ತೊಮ್ಮೆ ನೋಡಿಸಿ.

ಹಂತ 7: ಪರದೆಯಲ್ಲಿ ಕಾಣದ್ದನ್ನು ಬಾಯಿಬಿಟ್ಟು ಹೇಳಿ

ಕಾಲು ನಡುಗುತ್ತಿದ್ದರೆ ಥೆರಪಿಸ್ಟ್‌ಗೆ ಕಾಣುವುದಿಲ್ಲ. "ಕಾಲು ನಡುಗುತ್ತಿದೆ" ಎನ್ನಿ. ಸಿಗ್ನಲ್ ಅರ್ಧ ಸೆಕೆಂಡ್ ತಡವಾದಾಗ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲುತ್ತೀರಿ, ಹಾಗೆ ನಿಂತಾಗ ಬಿದ್ದುಹೋಗುವುದು ಬಹುಪಾಲು ನಿಮ್ಮ ಮಾತೇ. "ನಾನು ಹೇಳುತ್ತಿದ್ದದ್ದು ಮುಗಿದಿಲ್ಲ" ಎಂದು ಹಿಂದಕ್ಕೆ ಹೋಗಿ. ಮೌನ ಬಂದಾಗ ಚಿತ್ರ ನಿಂತಿದೆಯೋ ಅವರು ಕಾಯುತ್ತಿದ್ದಾರೋ ತಿಳಿಯದೆ ಗಾಬರಿಯಾಗುತ್ತದೆ. "ಯೋಚಿಸುತ್ತಿದ್ದೇನೆ" ಎಂಬ ಒಂದು ಪದದ ಸೂಚನೆಯನ್ನು ಇಬ್ಬರೂ ರೂಢಿ ಮಾಡಿಕೊಳ್ಳಿ.

ಮುಖ್ಯ ವಿಷಯವನ್ನು ಕೊನೆಯ ಐದು ನಿಮಿಷಕ್ಕೆ ತರುವ ಚಾಳಿ ಎಲ್ಲ ಥೆರಪಿಯಲ್ಲೂ ಇದೆ. ಆನ್‌ಲೈನ್‌ನಲ್ಲಿ ಕೆಂಪು ಗುಂಡಿ ಒತ್ತಿ ಮಾಯವಾಗಬಹುದಾದ್ದರಿಂದ ಇನ್ನೂ ಜಾಸ್ತಿ. ಸೆಷನ್‌ಗೆ ಮುಂಚೆ ಒಂದು ಚೀಟಿಯಲ್ಲಿ ಹೇಳಲು ಇಷ್ಟವಿಲ್ಲದ ವಿಷಯವನ್ನು ಬರೆದು ಪರದೆಯ ಅಂಚಿಗೆ ಅಂಟಿಸಿ, ಅದರಿಂದಲೇ ಶುರುಮಾಡಿ. ಕರೆ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಖಾಲಿ ಬಿಡಿ. ಕ್ಲಿನಿಕ್‌ನಿಂದ ಮನೆಗೆ ನಡೆದು ಬರುವ ದಾರಿ ಇಲ್ಲಿ ಇಲ್ಲವಲ್ಲ. ಅಳು ಒರೆಸಿಕೊಂಡು ಮರುಕ್ಷಣ ಮೀಟಿಂಗ್‌ಗೆ ಸೇರಿದರೆ ಸೆಷನ್ ಅಲ್ಲೇ ಸತ್ತುಹೋಗುತ್ತದೆ. ಸ್ವಲ್ಪ ನಡೆಯಿರಿ, ನೆನಪಿನಲ್ಲಿ ಉಳಿದ ಮೂರು ಸಾಲು ಬರೆಯಿರಿ.

ಹಂತ 8: ಅಂಕ ಇಳಿಯದಿದ್ದರೆ

ಎರಡು ವಾರಕ್ಕೊಮ್ಮೆ ಅಂಕ ಹಾಕಿ. ಪಿಎಚ್‌ಕ್ಯೂದಲ್ಲಿ 5, ಜಿಎಡಿಯಲ್ಲಿ 4 ಇಳಿದರೆ ಅದು ನಿಜವಾದ ಬದಲಾವಣೆ. ಒಂದೆರಡು ಅಂಕದ ಏರಿಳಿತಕ್ಕೆ ಕುಣಿಯುವುದೂ ಬೇಡ, ಕುಸಿಯುವುದೂ ಬೇಡ. ಎಕ್ಸ್‌ಪೋಶರ್ ಶುರುವಾದ ವಾರಗಳಲ್ಲಿ ಆತಂಕ ತುಸು ಏರುವುದು ಸಹಜ, ಸೆಷನ್ ಮುಗಿದ ಸಂಜೆ ಭಾರ ಅನ್ನಿಸುವುದೂ ಸಹಜ. ಆದರೆ ಐದಾರು ಸೆಷನ್ ಕಳೆದರೂ ಅಂಕ ಅಲ್ಲೇ ಇದ್ದರೆ, ಅಥವಾ ಏರುತ್ತಿದ್ದರೆ, ಆ ವಿಷಯವೇ ಮುಂದಿನ ಸೆಷನ್‌ನ ಮೊದಲ ಮಾತಾಗಲಿ.

ಹೇಳುವುದು ಹೇಗೆ? "ಆರು ವಾರದಿಂದ ನನ್ನ ಅಂಕ 14ರಲ್ಲೇ ನಿಂತಿದೆ. ಏನನ್ನು ಬದಲಿಸಬಹುದು?" ಅಥವಾ, "ಕಳೆದ ವಾರ ನೀವು ಹೇಳಿದ ಒಂದು ಮಾತು ಚುಚ್ಚಿತು. ಅದರ ಬಗ್ಗೆ ಮಾತಾಡಬೇಕಿತ್ತು." ಒಳ್ಳೆಯ ಥೆರಪಿಸ್ಟ್ ಇದನ್ನು ಕೇಳಿ ನೊಂದುಕೊಳ್ಳುವುದಿಲ್ಲ, ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ. ಬಿರುಕು ಬಿಟ್ಟು ಕೂಡಿಕೊಂಡ ಒಡನಾಟ ಎಷ್ಟೋ ಸಲ ಮೊದಲಿಗಿಂತ ಗಟ್ಟಿ. ಉತ್ತರದಲ್ಲಿ ಗುರಿ, ವಿಧಾನ, ಅಂತರ ಇವುಗಳಲ್ಲಿ ಯಾವುದಾದರೂ ಬದಲಾಗಬೇಕು: ವಾರಕ್ಕೆ ಒಂದಿದ್ದದ್ದು ಕೆಲವು ವಾರ ಎರಡಾಗಬಹುದು, ಬರೀ ಮಾತಿದ್ದಲ್ಲಿ ಅಭ್ಯಾಸ ಬರಬಹುದು, ನಿದ್ದೆಗೇ ಬೇರೆಯಾಗಿ ಕೆಲಸ ಮಾಡಬಹುದು, ಮನೋವೈದ್ಯರ ಅಭಿಪ್ರಾಯ ಕೇಳಬಹುದು. ಪಿಎಚ್‌ಕ್ಯೂ 20 ದಾಟಿದವರಿಗೆ ಮಾತು ಮತ್ತು ಔಷಧ ಎರಡೂ ಸೇರಿದ ಚಿಕಿತ್ಸೆಯ ಬಗ್ಗೆ ಶುರುವಿನಲ್ಲೇ ಯೋಚಿಸಬೇಕು. ಸಾಮಾನ್ಯ ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಕೆಲವು ವಾರ ಬೇಕು. ತಾವಾಗಿ ಒಮ್ಮೆಲೇ ನಿಲ್ಲಿಸಬಾರದು.

ಎರಡು ಸಲ ಹೇಳಿಯೂ ಏನೂ ಬದಲಾಗದಿದ್ದರೆ ಥೆರಪಿಸ್ಟ್‌ರನ್ನು ಬದಲಿಸಿ. ಮಾಯವಾಗಬೇಡಿ. ಒಂದು ಕೊನೆಯ ಸೆಷನ್ ಕೇಳಿ, ಇದುವರೆಗೆ ಏನು ಮಾಡಿದೆವು, ಏನು ಫಲಿಸಲಿಲ್ಲ ಎಂಬ ಒಂದು ಪುಟದ ಸಾರಾಂಶ ಪಡೆದು ಹೊಸಬರಿಗೆ ಕೊಡಿ. ಇಲ್ಲದಿದ್ದರೆ ಇಡೀ ಕಥೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಎರಡನೇ ಸಲ ಹೇಳಲಾಗದೆ ಅಲ್ಲೇ ಬಿಟ್ಟವರು ಬಹಳ.

ಸುರಕ್ಷತಾ ಯೋಜನೆ

ಪಿಎಚ್‌ಕ್ಯೂದ ಒಂಬತ್ತನೇ ಪ್ರಶ್ನೆಗೆ ಯಾವತ್ತಾದರೂ ಸೊನ್ನೆಗಿಂತ ಹೆಚ್ಚು ಬಂದಿದ್ದರೆ ಥೆರಪಿಸ್ಟ್ ಜೊತೆ ಕೂತು ಇದನ್ನು ಬರೆಯಬೇಕು. ಆರು ಭಾಗ: ಸ್ಥಿತಿ ಕೆಡುತ್ತಿದೆ ಎಂಬುದರ ಗುರುತುಗಳು, ನಾನೊಬ್ಬನೇ ಅಥವಾ ಒಬ್ಬಳೇ ಮಾಡಬಹುದಾದದ್ದು, ಮನಸ್ಸನ್ನು ಬೇರೆಡೆ ಸೆಳೆಯುವ ಜನ ಮತ್ತು ಜಾಗ, ಬಾಯಿಬಿಟ್ಟು ಸಹಾಯ ಕೇಳಬಹುದಾದವರು, ಥೆರಪಿಸ್ಟ್-ವೈದ್ಯರ ಮತ್ತು ತುರ್ತು ಸೇವೆಯ ಸಂಖ್ಯೆಗಳು, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಮಾಡುವುದು. ಕೊನೆಯದನ್ನು ಸಂಕೋಚದಿಂದ ಹಾರಿಸುತ್ತಾರೆ, ಆದರೆ ಜೀವ ಉಳಿಸುವುದರಲ್ಲಿ ಅದರ ಪಾಲು ದೊಡ್ಡದು. ಆ ಗಳಿಗೆಯ ತೀವ್ರತೆ ಇಳಿಯುವವರೆಗೆ ವಸ್ತು ಕೈಗೆ ಸಿಗದಿರುವುದೇ ಅಂತರ. ಫೋನಿನಲ್ಲೊಂದು ಪ್ರತಿ, ಗೋಡೆಯ ಕಪಾಟಿನೊಳಗೊಂದು ಪ್ರತಿ ಇಡಿ. ಫೋನ್ ಚಾರ್ಜ್ ಮುಗಿಯುವುದು ಇಂಥ ರಾತ್ರಿಗಳಲ್ಲೇ.

ಹಂತ 9: ಮುಗಿಸುವುದು

ಗುರಿಗಳ ಗುರುತು ಕಂಡು, ಅಂಕ 5ರ ಕೆಳಗೆ ಒಂದೆರಡು ತಿಂಗಳು ನಿಂತಿದ್ದರೆ ಅಂತರ ಹೆಚ್ಚಿಸಿ: ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ. ಕೊನೆಯ ಎರಡು ಸೆಷನ್‌ಗಳಲ್ಲಿ ಮರುಕಳಿಕೆಯ ಹಾಳೆ ಬರೆಯಿರಿ. ಅದರಲ್ಲಿ ನಿಮ್ಮದೇ ಮೊದಲ ಗುರುತುಗಳಿರಬೇಕು, ಪುಸ್ತಕದವಲ್ಲ: ಸ್ನೇಹಿತರ ಫೋನ್ ಎತ್ತದಿರುವುದು, ಮೂರು ದಿನ ಬಟ್ಟೆ ಮಡಿಸದಿರುವುದು, ಬೆಳಗಿನ ನಾಲ್ಕಕ್ಕೆ ಎಚ್ಚರ. ಪಕ್ಕದಲ್ಲಿ, ಆಗ ಕೆಲಸಕ್ಕೆ ಬಂದದ್ದು ಯಾವುದು. ಕೆಳಗೆ ಒಂದು ಕಟ್ಟಳೆ: "ಎರಡು ಗುರುತು ಎರಡು ವಾರ ನಿಂತರೆ, ಅಥವಾ ಪಿಎಚ್‌ಕ್ಯೂ 10 ಮುಟ್ಟಿದರೆ, ಕಾಯದೆ ಸೆಷನ್ ಬುಕ್ ಮಾಡುತ್ತೇನೆ." ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು ಸೆಷನ್‌ನ ದಿನಾಂಕವನ್ನು ಹೊರಡುವ ಮೊದಲೇ ಕ್ಯಾಲೆಂಡರ್‌ಗೆ ಹಾಕಿಸಿಕೊಳ್ಳಿ. ಹಾಳೆಯ ಒಂದು ಪ್ರತಿಯನ್ನು, ನಿಮಗಿಂತ ಮೊದಲು ನಿಮ್ಮ ಬದಲಾವಣೆ ಗುರುತಿಸುವ ಮನೆಯವರಿಗೋ ಗೆಳೆಯರಿಗೋ ಕೊಟ್ಟು, "ಇದನ್ನು ಕಂಡರೆ ನನಗೆ ಹೇಳಿ" ಎಂದು ಕೇಳಿಕೊಳ್ಳಿ.